ಹರಿವೆ ಪಲ್ಯವೂ ಮಕ್ಕಳ ಬಣ್ಣವೂ

ಕಾಸರಗೋಡು: ಹಾಲು, ಮೊಸರು, ತುಪ್ಪ ಬಿಟ್ಟರೆ ಊಟವೇ ಇಲ್ಲ ಎನ್ನುವವರು ನಮ್ಮ ಕೆಂಪು ಹರಿವೆಯನ್ನು ಮರೆತಿರಬೇಕು. ತೆಂಗಿನೆಣ್ಣೆಗೆ ಸಾಸಿವೆ, ಒಣಮೆಣಸು, ಬೆಳ್ಳುಳ್ಳಿ ಹಾಕಿ, ಹೆಚ್ಚಿದ ಸೊಪ್ಪನ್ನು ಉಪ್ಪಿನೊಂದಿಗೆ ಬೇಯಿಸಿ, ಕೊನೆಗೆ ಕಾಯಿತುರಿ ಬೆರೆಸಿದರೆ ಪಲ್ಯ ಸಿದ್ಧ. ಈಗ ವೀಗನ್ ಎಂದು ಕರೆಯುವುದು ಇಂಥ ಅಡುಗೆಯನ್ನೇ.

ಸೊಪ್ಪು ಹೆಚ್ಚುವಾಗ ಒಂದು ಹಿಡಿ ತೆಗೆದಿಡಿ. ಸ್ವಲ್ಪ ನೀರಿನಲ್ಲಿ ಕುದಿಸಿ ಸೋಸಿದರೆ ಮಕ್ಕಳ ಶುಭಾಶಯ ಪತ್ರಕ್ಕೆ ಗುಲಾಬಿ ಕೆಂಪು ಸಿಗುತ್ತದೆ. ಅರಸಿನ ನೀರು ಹಳದಿ. ಅದಕ್ಕೆ ಎಲೆಯಡಿಕೆ ಪೆಟ್ಟಿಗೆಯ ಸುಣ್ಣ ಚಿಟಿಕೆ ಹಾಕಿದರೆ ಕೆಂಪಾಗುತ್ತದೆ. ಆರತಿಯ ಓಕುಳಿಯ ಗುಟ್ಟು ಇದೇ. ಲಿಂಬೆರಸ ಹಿಂಡಿದರೆ ಮತ್ತೆ ಹಳದಿ! (ಸುಣ್ಣ ಕಣ್ಣಿಗೆ ಅಪಾಯ, ಅದನ್ನು ದೊಡ್ಡವರೇ ಹಾಕಲಿ.) ಶಂಖಪುಷ್ಪದ ನೀಲಿ ನೀರು ಲಿಂಬೆ ತಾಗಿದರೆ ನೇರಳೆಯಾಗುತ್ತದೆ.

ಬಣ್ಣಗಳನ್ನು ಹೊಂದಿಸುವುದು ಹೇಗೆ? ಹಳದಿ, ಕೆಂಪು ಹತ್ತಿರದ ನೆಂಟರು, ಜೊತೆಗಿಟ್ಟರೆ ಹಿತ. ಹಳದಿ, ನೇರಳೆ ಎದುರುಬದುರು, ಪಕ್ಕದಲ್ಲಿಟ್ಟರೆ ಎರಡೂ ಎದ್ದು ಕಾಣುತ್ತವೆ. ಆದರೆ ಒಂದು ಹೆಚ್ಚಿರಲಿ, ಇನ್ನೊಂದು ಚುಕ್ಕಿಯಷ್ಟು ಸಾಕು. ಸಮಸಮ ಹಚ್ಚಿದರೆ ಕಣ್ಣು ಎಲ್ಲೂ ನಿಲ್ಲದು. ಅರಸಿನ ಬಿಸಿಲಿಗೆ ಬೇಗ ಮಾಸುತ್ತದೆ, ಚಿತ್ರವನ್ನು ಪುಸ್ತಕದೊಳಗಿಡಿ.

ಅಂಗಡಿಯ ಅರಸಿನ ಮಾತ್ರ ನೋಡಿ ಕೊಳ್ಳಿ. ಬಾಂಗ್ಲಾದೇಶದಲ್ಲಿ ಅರಸಿನ ಕೊಂಬಿಗೆ ಹೊಳಪು ಬರಿಸಲು ಸೀಸದ ಕ್ರೋಮೇಟ್ ಬಳಿಯುತ್ತಿದ್ದುದು 2019ರಲ್ಲಿ ಬಯಲಾಯಿತು. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತೀರಾ ಹೊಳೆಯುವ ಕೊಂಬಿಗಿಂತ ಹಿತ್ತಿಲಲ್ಲಿ ಬೆಳೆದ ಮಂಕು ಕೊಂಬೇ ಮೇಲು, ಸಾರಿಗೂ ಚಿತ್ರಕ್ಕೂ.