ಬೆನ್ನುಹುರಿಗೆ ಪೆಟ್ಟಾದವರ ಮಲವಿಸರ್ಜನೆ

ಹುಣಸೆ ಬಡಿಯಲು ಮರ ಹತ್ತಿ ಬಿದ್ದವರು, ಬಾವಿಗೆ ಜಾರಿದವರು, ಟ್ರ್ಯಾಕ್ಟರ್ ಮಗುಚಿ ಅಡಿಗೆ ಸಿಕ್ಕಿದವರು, ಇಂಥವರ ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಶಕ್ತಿ ಹೋದದ್ದು ಊರಿಗೆಲ್ಲ ಕಾಣುತ್ತದೆ. ಮಲ ಬಂದದ್ದು ತಿಳಿಯದೆ, ತಡೆಯಲೂ ಆಗದೆ ಪಡುವ ಸಂಕಟ ಮಾತ್ರ ಮನೆಯೊಳಗೇ ಉಳಿಯುತ್ತದೆ. ಹೆಂಡತಿಗೆ ತೊಂದರೆಯಾಗಬಾರದೆಂದು ಒಪ್ಪೊತ್ತು ಉಂಡು ಸೊರಗುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದಕ್ಕೊಂದು ಕ್ರಮವಿದೆ, ಮನೆಯವರು ಕಲಿಯಬಹುದು.

ಕುತ್ತಿಗೆ ಅಥವಾ ಎದೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಸಾಮಾನ್ಯವಾಗಿ ಗುದದ್ವಾರ ಬಿಗಿಯಾಗಿರುತ್ತದೆ, ಆದರೆ ಕರುಳು ಪ್ರಚೋದನೆಗೆ ಓಗೊಡುತ್ತದೆ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಗುದದೊಳಗೆ ಇಟ್ಟು ಕಾಯಬೇಕು. ಬಳಿಕ ಗ್ಲೌಸ್ ಹಾಕಿ, ಜೆಲ್ಲಿ ಸವರಿದ ಬೆರಳನ್ನು ಒಳಗೆ ಮೆಲ್ಲಗೆ 15–20 ಸೆಕೆಂಡು ಸುತ್ತಾಡಿಸಿದರೆ ಮಲ ಇಳಿಯುತ್ತದೆ. ಬೇಕಾದರೆ 5–10 ನಿಮಿಷ ಬಿಟ್ಟು ಮತ್ತೊಮ್ಮೆ. ಸೊಂಟದ ಮಟ್ಟದಲ್ಲಿ ಪೆಟ್ಟಾದವರಲ್ಲಿ ಸ್ನಾಯು ಸಡಿಲವಾಗಿರುವುದೇ ಹೆಚ್ಚು. ಅವರಿಗೆ ದಿನಕ್ಕೆ ಒಂದೆರಡು ಬಾರಿ ಬೆರಳಿನಿಂದಲೇ ತೆಗೆಯಬೇಕಾಗುತ್ತದೆ. ಮಲ ತುಸು ಗಟ್ಟಿಯಿದ್ದರೆ ಸೋರುವುದಿಲ್ಲ. ಯಾವುದು ನಿಮ್ಮ ಮನೆಯವರ ಸ್ಥಿತಿಯೆಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು, ಮೊದಲ ಸಲ ದಾದಿಯರ ಕೈಕೆಳಗೇ ಕಲಿಯಬೇಕು.

ವೇಳೆ ತಪ್ಪಬಾರದು. ಊಟವಾದ ಅರ್ಧ ಗಂಟೆಯಲ್ಲಿ ಕರುಳು ತಾನಾಗಿ ಚಲಿಸುವುದರಿಂದ ಬೆಳಗಿನ ಮುದ್ದೆಯ ನಂತರ ಕೂರಿಸಿ. ಸೊಪ್ಪು, ಕಾಳು, ನೀರು ಬೇಕು, ಆದರೆ ಒಮ್ಮೆಗೇ ಹೆಚ್ಚಿಸಬೇಡಿ. ಹರಳೆಣ್ಣೆ ಕುಡಿಸುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ಸಲ್ಲದು. ಯಾವ ಹೊತ್ತಿಗೆ ಭೇದಿಯಾದೀತೋ ಹೇಳಲಾಗದು. ಹಲವು ದಿನ ಮಲವಿಲ್ಲದೆ ಆಮೇಲೆ ನೀರಾಗಿ ಸೋರಿದರೆ ಭೇದಿಯ ಮಾತ್ರೆ ಕೊಡಬೇಡಿ. ಒಳಗೆ ಗಟ್ಟಿ ಮಲ ಅಡ್ಡ ನಿಂತು ಅದರ ಪಕ್ಕದಿಂದ ಸೋರುತ್ತಿರಬಹುದು.

ಇನ್ನೊಂದು ಎಚ್ಚರಿಕೆ. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಮಲ ತುಂಬಿದಾಗಲೋ ತೆಗೆಯುವಾಗಲೋ ತಲೆ ಸಿಡಿದು, ಮುಖ ಕೆಂಪೇರಿ, ಬೆವರಿದರೆ ರಕ್ತದೊತ್ತಡ ಏರಿದೆಯೆಂದು ತಿಳಿಯಿರಿ. ತಕ್ಷಣ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಒಯ್ಯಿರಿ, ಪ್ರಾಣಕ್ಕೇ ಅಪಾಯ.

ಇದೆಲ್ಲ ಫಲಿಸದವರಿಗೆ ಗುದದ ಮೂಲಕ ನೀರು ಹಾಯಿಸಿ ತೊಳೆಯುವ ಸಾಧನವಿದೆ. ಕೊನೆಯದಾಗಿ ಶಸ್ತ್ರಕ್ರಿಯೆ ಮಾಡಿ ಹೊಟ್ಟೆಗೆ ಚೀಲ ಜೋಡಿಸುವುದೂ ಉಂಟು. ಸೋಲೆಂದು ಎಣಿಸಬೇಡಿ.

1954ರ ವಾಹನ ಅಪಘಾತದಲ್ಲಿ ಡಾಕ್ಟರ್ ಮೇರಿ ವರ್ಗೀಸ್ ಅವರ ಎರಡೂ ಕಾಲು ಸ್ವಾಧೀನ ತಪ್ಪಿದವು. ಗಾಲಿಕುರ್ಚಿಯಲ್ಲೇ ಕುಳಿತು ಶಸ್ತ್ರಚಿಕಿತ್ಸೆ ಮಾಡಿದ ಆ ತಾಯಿಯ ಶ್ರಮದಿಂದ 1966ರಲ್ಲಿ ವೆಲ್ಲೂರಿನ ಸಿ.ಎಂ.ಸಿ.ಯ ಪುನರ್ವಸತಿ ಕೇಂದ್ರ ತೆರೆಯಿತು. ನಮಗೆ ಹತ್ತಿರವೆಂದರೆ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆ; ಅಲ್ಲಿಯೂ ಪುನರ್ವಸತಿ ವಿಭಾಗವಿದೆ. ಹೋಗುವಾಗ ಹಳೆಯ ಚೀಟಿ, ಸ್ಕ್ಯಾನ್ ಎಲ್ಲ ಒಯ್ಯಿರಿ, ಮನೆಯಲ್ಲಿ ಆರೈಕೆ ಮಾಡುವವರೇ ಜೊತೆಗಿರಲಿ. ತೂತಿನ ಕುರ್ಚಿಯನ್ನು ನಮ್ಮ ಬಡಗಿಯೇ ಮಾಡಿಕೊಟ್ಟಾನು, ಆದರೆ ಅಂಚಿಗೆ ದಪ್ಪ ಸ್ಪಂಜು ಸುತ್ತಿಸಿ. ಸ್ಪರ್ಶವಿಲ್ಲದ ಚರ್ಮದ ಮೇಲೆ ಹುಣ್ಣಾಗಲು ಹೆಚ್ಚು ಹೊತ್ತು ಬೇಡ.