ಗರ್ಭಕೊರಳಿನ ಕ್ಯಾನ್ಸರು: ಮೊದಲೇ ತಿಳಿಯುವ ಉಪಾಯ

ಮಗುವಿಗೆ ಕೆಮ್ಮು ಬಂದರೆ ಅದೇ ಸಂಜೆ ಡಾಕ್ಟರರ ಬಳಿಗೆ ಕರೆದೊಯ್ಯುತ್ತೇವೆ. ಮನೆಯ ಯಜಮಾನರಿಗೆ ಎದೆನೋವೆಂದರೆ ಹೇಳುವುದೇ ಬೇಡ. ಆದರೆ ಮನೆಯಾಕೆ ತನ್ನ ಮೈಯ ಸಂಗತಿಯನ್ನು ಬಾಯಿಬಿಟ್ಟು ಹೇಳುವುದು ಬಲು ಅಪರೂಪ. ಊರಿನಲ್ಲಾದರೆ ಅಕ್ಕನೋ ಅತ್ತಿಗೆಯೋ ಗುಟ್ಟಾಗಿ ವಿಚಾರಿಸಿಯಾರು. ಪರಭಾಷೆಯ ಪಟ್ಟಣದಲ್ಲಿ ಇಂಥ ಮಾತನ್ನು ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಆಡಬೇಕಾದಾಗ ಸಂಕೋಚ ಇಮ್ಮಡಿಯಾಗುತ್ತದೆ. ಈ ಸಂಕೋಚಕ್ಕೆ ಕೆಲವೊಮ್ಮೆ ಪ್ರಾಣವನ್ನೇ ತೆರಬೇಕಾಗುವುದರಿಂದ, ವಿಷಯವನ್ನು ಇಲ್ಲಿ ಬಿಡಿಸಿ ಹೇಳುವುದು ಲೇಸು.

ಗರ್ಭಕೋಶದ ಬಾಯಲ್ಲಿ, ಎಂದರೆ ಗರ್ಭಕೊರಳಿನಲ್ಲಿ, ಹುಟ್ಟುವ ಕ್ಯಾನ್ಸರು ನಮ್ಮ ದೇಶದ ಹೆಂಗಸರನ್ನು ಕಾಡುವ ಕ್ಯಾನ್ಸರುಗಳಲ್ಲಿ ಎರಡನೆಯದು. 2022ನೆಯ ಇಸವಿಯ ಅಂದಾಜಿನಂತೆ ಭಾರತದಲ್ಲಿ ಸುಮಾರು 1,27,000 ಮಂದಿಗೆ ಅದು ಹೊಸದಾಗಿ ಬಂದಿತು. ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಸೋಜಿಗವೇನೆಂದರೆ, ಬರುವ ಮೊದಲೇ ತಡೆಯಬಹುದಾದ ಕ್ಯಾನ್ಸರುಗಳಲ್ಲಿ ಇದೇ ಮುಖ್ಯವಾದುದು.

ಇದಕ್ಕೆ ಕಾರಣ ಮಾನವ ಪ್ಯಾಪಿಲೋಮಾ ವೈರಸ್, ಎಂದರೆ ಎಚ್.ಪಿ.ವಿ., ಎಂಬ ಅತಿ ಸಣ್ಣ ರೋಗಾಣು. ಅದರಲ್ಲಿ ನೂರಕ್ಕೂ ಮಿಕ್ಕಿದ ಬಗೆಗಳುಂಟು. ಕ್ಯಾನ್ಸರು ತರುವಂಥವು ಸುಮಾರು ಹದಿನಾಲ್ಕು. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರು 1983 ಮತ್ತು 1984ರಲ್ಲಿ 16 ಹಾಗೂ 18ನೆಯ ಬಗೆಗಳನ್ನು ಈ ಕ್ಯಾನ್ಸರಿನಲ್ಲಿ ಕಂಡುಹಿಡಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಹತ್ತರಲ್ಲಿ ಏಳು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಈ ಎರಡು ಬಗೆಗಳೇ ಮೂಲ.

ಇಲ್ಲೊಂದು ಮಾತನ್ನು ಗಂಡಂದಿರೂ ಹೆಂಡಂದಿರೂ ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ವೈರಸ್ ದಾಂಪತ್ಯದ ಸಂಪರ್ಕದಿಂದ ಹರಡುತ್ತದೆಂಬುದು ನಿಜ. ಆದರೆ ಸಂಸಾರಸ್ಥರಲ್ಲಿ ಬಹುಪಾಲು ಮಂದಿಗೆ ಬಾಳಿನಲ್ಲಿ ಎಂದಾದರೊಮ್ಮೆ ಅದು ತಗಲಿಯೇ ಇರುತ್ತದೆ. ವರುಷ ಎರಡು ವರುಷದೊಳಗೆ ದೇಹವೇ ಸಾಮಾನ್ಯವಾಗಿ ಅದನ್ನು ಅಡಗಿಸಿಬಿಡುತ್ತದೆ. ಕೆಲವರಲ್ಲಿ ಅದು ಯಾವ ಕುರುಹೂ ತೋರದೆ ವರ್ಷಗಟ್ಟಲೆ ಅಡಗಿರುವುದುಂಟು. ಆದ್ದರಿಂದ ವೈರಸ್ ಇದೆಯೆಂದು ತಿಳಿದ ಮಾತ್ರಕ್ಕೆ ಯಾರ ನಡತೆಯನ್ನೂ ಶಂಕಿಸಲು ಕಾರಣವಿಲ್ಲ. ವೈರಸ್ ಇರುವುದೆಂದರೆ ಕ್ಯಾನ್ಸರು ಇರುವುದೆಂದೂ ಅರ್ಥವಲ್ಲ. ಅದು ಹೋಗದೆ ನೆಲೆಯೂರಿದರೆ ಮಾತ್ರ ಅಪಾಯ; ಆಗಲೂ ಕ್ಯಾನ್ಸರಾಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳು ಹಿಡಿಯುತ್ತವೆ. ಈ ದೀರ್ಘವಾದ ಅವಧಿಯೇ ನಮಗೆ ದೊರೆತಿರುವ ಅವಕಾಶ.

ಹಿಂದಿನಿಂದ ಬಂದಿರುವ ಪ್ಯಾಪ್ ತಪಾಸಣೆಯಲ್ಲಿ ಗರ್ಭಕೊರಳಿನ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ, ನುರಿತವರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇನ್ನೊಂದರಲ್ಲಿ ತೆಳುವಾದ ಅಸಿಟಿಕ್ ಆಮ್ಲವನ್ನು ಹಚ್ಚಿ, ಬೆಳ್ಳಗಾಗುವ ಜಾಗವನ್ನು ಕಣ್ಣಿನಿಂದಲೇ ಗುರುತಿಸುತ್ತಾರೆ. ಇವೆರಡೂ ನೋಡುವವರ ಕಣ್ಣಿನ ಪಳಗಿಕೆಯನ್ನು ಅವಲಂಬಿಸಿವೆ. ಡಿ.ಎನ್.ಎ. ಪರೀಕ್ಷೆಯ ರೀತಿ ಬೇರೆ. ಅದು ವೈರಸ್ಸಿನ ವಂಶವಸ್ತುವನ್ನೇ ಹುಡುಕುತ್ತದೆ. ಯಂತ್ರವು ಆ ವಂಶವಸ್ತುವನ್ನು ಒಂದಕ್ಕೆರಡು, ಎರಡಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ ಹೋಗುತ್ತದೆ. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಒಂದು ನೂರು ಕೋಟಿಗೂ ಮೀರುತ್ತದೆ. ಆಗ ಅದರ ಇರವು ಯಂತ್ರಕ್ಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಈ ಪರೀಕ್ಷೆಯ ಬಲ ಜಗತ್ತಿಗೆ ತಿಳಿದದ್ದು ನಮ್ಮ ನೆರೆಯಲ್ಲಿಯೇ. ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಹೆಸರು ಧಾರಾಶಿವ) 1999ರಿಂದ 30ರಿಂದ 59 ವಯಸ್ಸಿನ 1,31,000ಕ್ಕೂ ಹೆಚ್ಚು ಹಳ್ಳಿಯ ಹೆಂಗಸರನ್ನು ನಾಲ್ಕು ಗುಂಪು ಮಾಡಿ ಅಧ್ಯಯನ ನಡೆಸಿದರು. ಮೂರು ಗುಂಪಿಗೆ ಒಂದೊಂದು ಬಗೆಯ ತಪಾಸಣೆ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವೂ ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಇದರಲ್ಲಿ ಪಾಲುಗೊಂಡಿದ್ದವು. 2009ರಲ್ಲಿ ಪ್ರಕಟವಾದ ಲೆಕ್ಕ ಇದು: ತಪಾಸಣೆಯಿಲ್ಲದ 31,488 ಮಂದಿಯಲ್ಲಿ 64 ಮಂದಿ ಈ ಕ್ಯಾನ್ಸರಿನಿಂದ ಸತ್ತರು, ಡಿ.ಎನ್.ಎ. ಪರೀಕ್ಷೆಗೆ ಸೇರಿದ್ದ 34,126 ಮಂದಿಯ ಗುಂಪಿನಲ್ಲಿ ಸತ್ತವರು 34. ಒಂದೇ ಒಂದು ಸಲದ ಪರೀಕ್ಷೆಯಿಂದ ಸಾವು ಹೆಚ್ಚುಕಡಮೆ ಅರ್ಧಕ್ಕಿಳಿಯಿತು. ಉಳಿದೆರಡು ತಪಾಸಣೆಗಳಿಂದ ಅಷ್ಟು ಫಲ ಕಾಣಲಿಲ್ಲ.

ಆದರೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾದರೆ, ದಿನಗೂಲಿ ಬಿಟ್ಟು ಬಂದವಳು ಇನ್ನೊಮ್ಮೆ ಬರುವಳೆಂಬ ಭರವಸೆಯೇನು? ಈ ತೊಡಕನ್ನು ತೀವ್ರ ಪರೀಕ್ಷೆಗಳು ನೀಗಿಸುತ್ತಿವೆ. ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಬ್ಯಾಟರಿಯಿಂದಲೂ ನಡೆಯುವ ಟ್ರೂನ್ಯಾಟ್ ಯಂತ್ರವನ್ನು ಕ್ಷಯರೋಗದ ಪತ್ತೆಗೆ ಬಳಸುತ್ತಿದ್ದರು. ಈಗ ಅದಕ್ಕೆ ಎಚ್.ಪಿ.ವಿ. ಪರೀಕ್ಷೆಯೂ ಒದಗಿದೆ. ಅದೇ ದಿನ ಫಲ ತಿಳಿದರೆ ಮುಂದಿನ ತಪಾಸಣೆ, ಬೇಕಾದರೆ ಕೆಟ್ಟ ಪೊರೆಯನ್ನು ಶಾಖದಿಂದ ಸುಡುವ ಸಣ್ಣ ಚಿಕಿತ್ಸೆ, ಎಲ್ಲವನ್ನೂ ಒಂದೇ ಭೇಟಿಯಲ್ಲಿ ಮುಗಿಸಲು ಸಾಧ್ಯ. ಇದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ಮರೆಯಲ್ಲಿ ತಾನೇ ತೆಗೆದುಕೊಡಬಹುದೆಂಬುದು ನಾಚುವವರಿಗೆ ದೊಡ್ಡ ಸಮಾಧಾನ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಕೊಟ್ಟ ಸಲಹೆಯಂತೆ, ಮೂವತ್ತು ದಾಟಿದವರು ಐದರಿಂದ ಹತ್ತು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿದರೆ ಸಾಕು. ಅದು ದೊರೆಯದ ಕಡೆ ಬೇರೆ ತಪಾಸಣೆಯನ್ನಾದರೂ ಬಿಡಬಾರದು. ಮುಟ್ಟು ನಿಂತ ಮೇಲೆ ಅಥವಾ ಕೂಡಿದ ಬಳಿಕ ರಕ್ತ ಕಂಡರೆ ಯಾವ ಸರದಿಯನ್ನೂ ಕಾಯದೆ ಡಾಕ್ಟರರನ್ನು ಕಾಣಬೇಕು. ಹೆಣ್ಣುಮಕ್ಕಳಿಗೆ ಲಸಿಕೆಯುಂಟು, ಪುಣೆಯ ಸೀರಂ ಸಂಸ್ಥೆಯ ಲಸಿಕೆಗೆ 2022ರಲ್ಲಿ ಒಪ್ಪಿಗೆ ದೊರೆಯಿತು. ಆದರೆ ಲಸಿಕೆ ಹಾಕಿಸಿಕೊಂಡವರೂ ವಯಸ್ಸಿಗೆ ಬಂದ ಮೇಲೆ ತಪಾಸಣೆ ಬಿಡುವಂತಿಲ್ಲ.

ಸೋದರಿಯರೇ, ಒಬ್ಬರೇ ಹೋಗಲು ಅಳುಕಾದರೆ ನಾಲ್ವರು ಜೊತೆಗೂಡಿ ಹೋಗಿ. ಊರ ಭಾಷೆ ಬಲ್ಲವರು ಬಾರದವರ ಸಂಗಡ ಹೋಗಲಿ. ಹಬ್ಬಕ್ಕೂ ಹಸೆಗೂ ಒಟ್ಟಾಗುವ ನಾವು ಇದಕ್ಕೂ ಒಂದು ಬೆಳಗನ್ನು ಮೀಸಲಿಡೋಣ.