ಕಾಯುವವನ ಬೆಲೆ ಕಟ್ಟುವುದು ಹೇಗೆ?

ಬೀದರಿನಿಂದ ಭಾಲ್ಕಿಯ ಮೇಲೆ ಹಾಯ್ದು ಉದಗೀರಿನ ಕಡೆಗೆ ಹೋಗುವ ರೈಲುದಾರಿಯಲ್ಲಿ ಕಮಲನಗರ ನಮ್ಮ ರಾಜ್ಯದ ಅಂಚಿನ ಊರು. ಅದನ್ನು ದಾಟಿದರೆ ಮಹಾರಾಷ್ಟ್ರ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂತು ಮಾತನಾಡುವ ಈ ಗಡಿನಾಡಿನಲ್ಲಿ ಕಬಡ್ಡಿಯ ಪ್ರಸ್ತಾಪಕ್ಕೆ ತರ್ಜುಮೆ ಬೇಕಾಗಿಲ್ಲ. ಇಂಥ ಕಟ್ಟೆಯ ಮೇಲೆ ಎಂಟು ಮಂದಿ ಗೆಳೆಯರು ಕೂಡಿ, ಪ್ರೊ ಕಬಡ್ಡಿ ಆಟಗಾರರನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ನೋಟುಪುಸ್ತಕದಲ್ಲಿ ಎಂಟು ತಂಡಗಳನ್ನು ಕಟ್ಟುತ್ತಾರೆನ್ನಿ. ನಿಜವಾದ ಅಂಕಣದಲ್ಲಿ ಆ ಆಟಗಾರ ಗಳಿಸಿದ ಪಾಯಿಂಟು ಈ ಪುಸ್ತಕದಲ್ಲಿ ಅವನ ಯಜಮಾನನ ಖಾತೆಗೆ ಜಮಾ. ಇದಕ್ಕೆ ಫ್ಯಾಂಟಸಿ ಲೀಗ್ ಎಂದು ಹೆಸರು. ಒಮ್ಮೆ ಆರಿಸಿಕೊಂಡವರನ್ನು ಬರುವ ವರ್ಷಗಳಿಗೂ ಉಳಿಸಿಕೊಳ್ಳುವ ಕರಾರಿದ್ದರೆ ಅದು ದೀರ್ಘಾವಧಿಯ ಲೀಗ್.

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ನಾನು ಹೇಳಹೊರಟಿರುವುದು ಗೆದ್ದವನಿಗೆ ಸೋತವರೆಲ್ಲ ಕೂಡಿ ಚಹಾ ಕುಡಿಸುವ ಕಾಗದದ ಆಟದ ವಿಷಯ. ಆದರೆ ಆ ಆಟದಲ್ಲಿಯೂ ಒಂದು ನಿಜವಾದ ಕಠಿಣ ಪ್ರಶ್ನೆ ಇದೆ: ದಾಳಿ ಮಾಡುವವನಿಗೆ ಬೆಲೆ ಕಟ್ಟುವುದು ಸುಲಭ, ಕಾಯುವವನಿಗೆ ಬೆಲೆ ಕಟ್ಟುವುದು ಹೇಗೆ?

ಈ ಪ್ರಶ್ನೆ ಮೊದಲು ಹುಟ್ಟಿದ್ದು ನಮ್ಮಲ್ಲಲ್ಲ. ಕೆನಡಾ ಮತ್ತು ಅಮೆರಿಕದಲ್ಲಿ ಹಿಮದ ಮೇಲೆ ಆಡುವ ಐಸ್ ಹಾಕಿಗೆ ಇಂಥ ಲೀಗುಗಳು ಬಹು ಹಿಂದಿನಿಂದ ಇವೆ. ಅಲ್ಲಿ ಗೋಲು ಹೊಡೆದವನಿಗೂ ಅದಕ್ಕೆ ಒದಗಿದವನಿಗೂ ಪಾಯಿಂಟು. ಗೋಲನ್ನು ತಡೆದ ರಕ್ಷಣೆಯ ಆಟಗಾರನಿಗೆ ಆ ಲೆಕ್ಕದಲ್ಲಿ ಏನೂ ಇಲ್ಲ. ರಕ್ಷಣೆಯ ಆಟಗಾರನಾಗಿದ್ದೂ 1969-70ರ ಋತುವಿನಲ್ಲಿ 120 ಪಾಯಿಂಟು ಗಳಿಸಿ ಇಡೀ ಲೀಗಿಗೆ ಮೊದಲಿಗನಾದ ಬಾಬಿ ಓರ್ ಒಂದು ಅದ್ಭುತ. ಆದರೆ ಮೊಣಕಾಲಿನ ನೋವು ಆತನನ್ನು 30ನೆಯ ವಯಸ್ಸಿಗೇ ಆಟದಿಂದ ಬಿಡಿಸಿತು. ಇನ್ನೊಂದು ಕಡೆ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಾಮ್. 1989ರ ಆಯ್ಕೆಯಲ್ಲಿ 52 ಮಂದಿಯನ್ನು ಆರಿಸಿದ ಮೇಲೆ ಅವರ ಹೆಸರು ಬಂತು. ಲೀಗಿನ ಶ್ರೇಷ್ಠ ರಕ್ಷಣೆಯ ಆಟಗಾರನೆಂಬ ಪ್ರಶಸ್ತಿ ಮೊದಲ ಬಾರಿ ಕೈಗೆ ಬಂದಾಗ ವಯಸ್ಸು 31. ಏಳನೆಯ ಬಾರಿ ಬಂದಾಗ 41. ಮುನ್ನುಗ್ಗುವವನು ಬೇಗ ಹಣ್ಣಾಗುತ್ತಾನೆ, ಕಾಯುವವನು ತಡವಾಗಿ ಮಾಗುತ್ತಾನೆ. ದೀರ್ಘಾವಧಿಯ ಲೀಗಿನ ಮೊದಲ ಪಾಠ ಇದೇ.

ನಮ್ಮ ಹುಲ್ಲಿನ ಹಾಕಿಗೆ ಬನ್ನಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು, ಹತ್ತು ಗೋಲು ಹೊಡೆದವರು ಹರ್ಮನ್‌ಪ್ರೀತ್ ಸಿಂಗ್. ಅವರು ರಕ್ಷಣೆಯ ಆಟಗಾರ. ಅದೇ ವರ್ಷದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ 78 ಲಕ್ಷ ರೂಪಾಯಿಗೆ ಹೋಗಿ ಅತ್ಯಂತ ದುಬಾರಿ ಆಟಗಾರರಾದರು. ಆ ಬೆಲೆಯ ದೊಡ್ಡ ಪಾಲು ಪೆನಾಲ್ಟಿ ಕಾರ್ನರ್ ಹೊಡೆಯುವ ಅವರ ಕೋಲಿಗೆ ಸಂದದ್ದು. ಅದೇ ತಂಡದಲ್ಲಿ ಅಮಿತ್ ರೋಹಿದಾಸ್ ಕೂಡ ಇದ್ದರು. ಎದುರಾಳಿಯ ಪೆನಾಲ್ಟಿ ಕಾರ್ನರಿಗೆ ಮೊದಲು ಓಡಿ ಅಡ್ಡ ನಿಲ್ಲುವ ಎದೆಗಾರಿಕೆಯ ಕೆಲಸ ಅವರದು. ಬ್ರಿಟನ್ ವಿರುದ್ಧ ಕೆಂಪು ಚೀಟಿ ಪಡೆದು ಅವರು ಸೆಮಿಫೈನಲಿನಲ್ಲಿ ಇರಲಿಲ್ಲ. ಜರ್ಮನಿಯ ಎದುರು ಭಾರತ 2-3ರಿಂದ ಸೋತಿತು. ಒಬ್ಬನಿಂದಲೇ ಸೋತೆವೆಂದು ಹೇಳುವುದು ಸರಿಯಲ್ಲ. ಆದರೂ ಆ ದಿನ ಅವರಿಲ್ಲದ ಜಾಗ ಎಲ್ಲರ ಕಣ್ಣಿಗೂ ಬಿತ್ತು. ಎಣಿಕೆಗೆ ಸಿಗುವ ಕೆಲಸ ಒಂದು, ಎಣಿಕೆಗೆ ಸಿಗದ ಕೆಲಸ ಇನ್ನೊಂದು. ರಕ್ಷಣೆಯವರನ್ನು ಸಾಲಾಗಿ ನಿಲ್ಲಿಸುವವನು ಎರಡನ್ನೂ ನೋಡಬೇಕು.

ಕಬಡ್ಡಿಯಲ್ಲಿ ಒಂದು ಅನುಕೂಲವಿದೆ: ಇಲ್ಲಿ ಹಿಡಿಯುವವನ ಕೆಲಸಕ್ಕೂ ಪಾಯಿಂಟು ಉಂಟು. ರೈಡರನ್ನು ಹಿಡಿದರೆ ಒಂದು. ಅಂಕಣದಲ್ಲಿ ಮೂವರು ಅಥವಾ ಇನ್ನೂ ಕಡಿಮೆ ಮಂದಿ ಉಳಿದಾಗ ಹಿಡಿದರೆ ಎರಡು. ಈ ಎರಡನೆಯದನ್ನು ಸೂಪರ್ ಟ್ಯಾಕಲ್ ಎನ್ನುತ್ತಾರೆ. ಒಂದೇ ಪಂದ್ಯದಲ್ಲಿ ಐದು ಅಥವಾ ಹೆಚ್ಚು ಟ್ಯಾಕಲ್ ಪಾಯಿಂಟು ಬಂದರೆ ಹೈ ಫೈವ್. ಎಣಿಕೆ ಇಷ್ಟು ಸಲೀಸಾದ್ದರಿಂದಲೇ ಮೋಸಹೋಗುವ ಅಪಾಯವೂ ಇದೆ.

ಒಂದು ಕಲ್ಪಿತ ಲೆಕ್ಕ ಹೇಳುತ್ತೇನೆ. ಮೊದಲನೆಯವನು ಒಂದು ಋತುವಿನಲ್ಲಿ 150 ಬಾರಿ ಕೈ ಹಾಕಿ 60 ಬಾರಿ ಹಿಡಿದ. ಎರಡನೆಯವನು 90 ಬಾರಿ ಕೈ ಹಾಕಿ 50 ಬಾರಿ ಹಿಡಿದ. ಪುಸ್ತಕದಲ್ಲಿ ಮೊದಲನೆಯವನೇ ಮುಂದೆ. ಆದರೆ ಹಿಡಿತ ತಪ್ಪಿದಾಗಲೆಲ್ಲ ಎದುರಾಳಿಗೆ ಪಾಯಿಂಟು, ತಾನು ಹೊರಗೆ. ಮೊದಲನೆಯವನು 90 ಬಾರಿ ತಪ್ಪಿದ, ಎರಡನೆಯವನು 40 ಬಾರಿ ಮಾತ್ರ. ಈ ವರ್ಷದ ಚಹಾ ಮೊದಲನೆಯವನ ಯಜಮಾನನಿಗೆ ಸಿಕ್ಕೀತು. ಆದರೆ ನಿಜವಾದ ತಂಡದ ತರಬೇತುದಾರ ನಿಮ್ಮ ನೋಟುಪುಸ್ತಕ ನೋಡುವುದಿಲ್ಲ. ಅವನು ಬರುವ ವರ್ಷ ಎರಡನೆಯವನನ್ನು ಆಡಿಸುತ್ತಾನೆ, ಮೊದಲನೆಯವನನ್ನು ಬೆಂಚಿನ ಮೇಲೆ ಕೂರಿಸುತ್ತಾನೆ. ಬೆಂಚಿನ ಮೇಲೆ ಕೂತವನಿಗೆ ಪಾಯಿಂಟು ಎಲ್ಲಿಂದ ಬರಬೇಕು? ಆದ್ದರಿಂದ ಎಷ್ಟು ಹಿಡಿದ ಎನ್ನುವುದರ ಪಕ್ಕದಲ್ಲಿ ಎಷ್ಟಕ್ಕೆ ಹಿಡಿದ ಎಂಬುದನ್ನೂ ಬರೆದಿಡಿ.

ಎರಡನೆಯದಾಗಿ, ಸೂಪರ್ ಟ್ಯಾಕಲನ್ನು ಬೇರೆಯಾಗಿ ಎಣಿಸಿ. ಅದು ಧೈರ್ಯದ ಗುರುತು, ನಿಜ. ಆದರೆ ಸಂಗಡಿಗರೆಲ್ಲ ಔಟಾಗಿ ಅಂಕಣ ಬರಿದಾದಾಗಲೇ ಅದಕ್ಕೆ ಅವಕಾಶ. ಸೋಲುವ ತಂಡದವನಿಗೆ ಈ ಅವಕಾಶ ಮೇಲಿಂದ ಮೇಲೆ ಬರುತ್ತದೆ. ನಾಳೆ ಆ ತಂಡ ಬಲವಾದರೆ, ಇಲ್ಲವೆ ಅವನೇ ಬಲವಾದ ತಂಡಕ್ಕೆ ಹೋದರೆ, ಆ ಹೆಚ್ಚಿನ ಪಾಯಿಂಟು ಕರಗಿಹೋಗುತ್ತದೆ.

ಮೂರನೆಯದು ಜಾಗ ಮತ್ತು ಜೊತೆ. ಎರಡು ತುದಿಗಳಲ್ಲಿ ನಿಂತು ಕಾಲು ಹಿಡಿಯುವ ಕಾರ್ನರ್ ಆಟಗಾರರಿಗೆ ಹಿಡಿಯುವ ಅವಕಾಶ ಸಾಮಾನ್ಯವಾಗಿ ಹೆಚ್ಚು. ಒಳಗೆ ನಿಂತು ಎದೆಯಿಂದ ತಡೆಯುವ, ಹೊರಗೆ ತಳ್ಳುವ ಕವರ್ ಆಟಗಾರರಿಗೆ ಕಡಿಮೆ. ಕಾರ್ನರನ್ನು ಕಾರ್ನರಿಗೂ ಕವರನ್ನು ಕವರಿಗೂ ಹೋಲಿಸಬೇಕೇ ಹೊರತು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮೇಲಾಗಿ ಒಬ್ಬ ಕಾಲು ಹಿಡಿದಾಗ ಪಕ್ಕದವನು ಬಂದು ಬೀಳದಿದ್ದರೆ ರೈಡರ್ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಜೊತೆಗಾರ ತಂಡ ಬಿಟ್ಟನೆಂದು ಕೇಳಿದರೆ ಉಳಿದವನ ಬೆಲೆಯನ್ನೂ ಮತ್ತೊಮ್ಮೆ ನೋಡಿ.

ಹಾಗಾದರೆ ತಂಡ ಬದಲಾದರೂ ಬೆಲೆ ಕುಂದದವರು ಇಲ್ಲವೆ? ಇದ್ದಾರೆ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲು ಪಟ್ನಾ ತಂಡದಲ್ಲಿ 2021-22ರ ಋತುವಿನಲ್ಲಿ 89 ಟ್ಯಾಕಲ್ ಪಾಯಿಂಟು ಗಳಿಸಿದರು. 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ ಅವರನ್ನು 2.35 ಕೋಟಿ ರೂಪಾಯಿಗೆ ಕೊಂಡಿತು. ನಮ್ಮ ಕರ್ನಾಟಕದ ಬಿ. ಸಿ. ರಮೇಶ್ ಅವರ ತರಬೇತಿಯಲ್ಲಿ ಆ ಋತು 99 ಪಾಯಿಂಟು ಬಂತು, ಪುಣೆಗೆ ಪ್ರಶಸ್ತಿಯೂ ಬಂತು. ಮರುವರ್ಷ ಹರಿಯಾಣ ಸ್ಟೀಲರ್ಸ್ ತಂಡಕ್ಕೆ ಹೋದರು. 2024ರ ಪ್ರಶಸ್ತಿ ಹರಿಯಾಣಕ್ಕೆ. ಅವರದೇ ನಾಡಿನ ಹಿರಿಯ ಫಜಲ್ ಅತ್ರಾಚಲಿ 2015ರಲ್ಲಿ ಯು ಮುಂಬಾ ಜೊತೆ ಗೆದ್ದವರು. ಪ್ರೊ ಕಬಡ್ಡಿಯಲ್ಲಿ 500 ಟ್ಯಾಕಲ್ ಪಾಯಿಂಟು ಮುಟ್ಟಿದ ಮೊದಲಿಗರು. ಹತ್ತು ವರ್ಷಗಳ ಮೇಲೆ, 2025ರಲ್ಲಿ, ಗೆದ್ದ ದಬಂಗ್ ಡೆಲ್ಲಿ ತಂಡದಲ್ಲೂ ಇದ್ದರು. ಬೆಂಗಳೂರು ಬುಲ್ಸ್‌ನಲ್ಲಿ 2019ರಲ್ಲಿ ಹೊಸಬರಾಗಿ ಬಲ ಕಾರ್ನರಿನಲ್ಲಿ ನಿಂತ ಸೌರಭ್ ನಂದಲ್ 2023ರ ಹೊತ್ತಿಗೆ ಆ ತಂಡದ ನಾಯಕ. ಹೊಸಬನೆಂದು 2020ರಲ್ಲಿ ಕೈಬಿಟ್ಟವನಿಗೆ ಪಶ್ಚಾತ್ತಾಪವೇ ಗತಿ.

ಇನ್ನು ವರ್ಷಗಳನ್ನು ಕೂಡಿಸುವ ಕ್ರಮ. ಒಂದೇ ಋತುವನ್ನು ನಂಬಬಾರದು. 2018-19ರಲ್ಲಿ ಯು. ಪಿ. ಯೋಧಾದ ನಿತೇಶ್ ಕುಮಾರ್ ಒಂದೇ ಋತುವಿನಲ್ಲಿ 100 ಟ್ಯಾಕಲ್ ಪಾಯಿಂಟು ಮುಟ್ಟಿದ ಮೊದಲ ಆಟಗಾರರಾದರು. ಮರುವರ್ಷ ಆ ಎತ್ತರ ಅವರಿಗೂ ಸಿಗಲಿಲ್ಲ. ಆದರೂ ಅವರು ವರ್ಷವರ್ಷವೂ ನೆಚ್ಚಬಹುದಾದ ಕಾರ್ನರಾಗಿ ಉಳಿದರು. ಶಿಖರವನ್ನು ನೋಡಿ ಬೆಲೆ ಕಟ್ಟಿದವನಿಗೆ ನಿರಾಶೆ, ನೆಲವನ್ನು ನೋಡಿ ಬೆಲೆ ಕಟ್ಟಿದವನಿಗೆ ಲಾಭ. ಸುಲಭವಾದ ಒಂದು ಉಪಾಯವಿದೆ. ಈ ವರ್ಷದ ಪಾಯಿಂಟನ್ನು ಮೂರರಿಂದ, ಕಳೆದ ವರ್ಷದ್ದನ್ನು ಎರಡರಿಂದ, ಅದರ ಹಿಂದಿನದನ್ನು ಒಂದರಿಂದ ಗುಣಿಸಿ, ಕೂಡಿಸಿ, ಆರರಿಂದ ಭಾಗಿಸಿ. ಮೂರು ವರ್ಷಗಳಲ್ಲಿ 40, 50, 70 ಗಳಿಸಿದವನಿಗೆ 58 ಬರುತ್ತದೆ. 75, 60, 45 ಗಳಿಸಿದವನಿಗೆ 55. ಬರಿಯ ಮೊತ್ತದಲ್ಲಿ ಎರಡನೆಯವನೇ ಇಪ್ಪತ್ತು ಪಾಯಿಂಟು ಮುಂದೆ. ಆದರೆ ಒಬ್ಬ ಏರುತ್ತಿದ್ದಾನೆ, ಇನ್ನೊಬ್ಬ ಇಳಿಯುತ್ತಿದ್ದಾನೆ. ಅದರ ಮೇಲೆ ವಯಸ್ಸು ನೋಡಿ, ಮೊಣಕಾಲು ಮತ್ತು ಭುಜದ ಪೆಟ್ಟಿನ ಇತಿಹಾಸ ನೋಡಿ. ಹಿಡಿಯುವವನ ಬಂಡವಾಳ ಇವೇ ತಾನೆ?

ಕೊನೆಗೆ ಪಟ್ಟಿ ಬರೆಯುವಾಗ ಒಂದು, ಎರಡು, ಮೂರು ಎಂದು ನೂರರವರೆಗೆ ಎಣಿಸುವ ಹಟ ಬೇಡ. ಹದಿನೇಳನೆಯವನಿಗೂ ಹದಿನೆಂಟನೆಯವನಿಗೂ ಇರುವ ಅಂತರ ಯಾವ ಜಾಣನಿಗೂ ತಿಳಿಯದು. ಮೆಟ್ಟಿಲುಗಳನ್ನು ಮಾಡಿ. ಯಾವ ತಂಡದಲ್ಲೂ ಸಲ್ಲುವವರು ಮೇಲಿನ ಮೆಟ್ಟಿಲು, ನೆಚ್ಚಬಹುದಾದವರು ಎರಡನೆಯದು, ಏರುತ್ತಿರುವ ಹುಡುಗರು ಮೂರನೆಯದು, ತಂಡದ ಬಲದಿಂದಲೋ ದೌರ್ಬಲ್ಯದಿಂದಲೋ ಪಾಯಿಂಟು ಪಡೆದವರು ನಾಲ್ಕನೆಯದು. ನಿಮ್ಮ ತಂಡಕ್ಕೆ ಇದೇ ವರ್ಷ ಗೆಲ್ಲುವ ಶಕ್ತಿಯಿದ್ದರೆ ಎರಡನೆಯ ಮೆಟ್ಟಿಲಿನವರನ್ನು ತನ್ನಿ. ಇಲ್ಲವಾದರೆ ಮೂರನೆಯ ಮೆಟ್ಟಿಲಿನ ಹುಡುಗರನ್ನು ಇಟ್ಟುಕೊಂಡು ಎರಡು ಋತು ತಾಳಿ. ಕನ್ನಡದಲ್ಲಿ ಕಾಯುವುದು ಎಂದರೆ ರಕ್ಷಿಸುವುದೂ ಹೌದು, ತಾಳ್ಮೆಯಿಂದ ಇರುವುದೂ ಹೌದು. ಕಾಯುವವನನ್ನು ಕೊಂಡವನು ತಾನೂ ಕಾಯಬೇಕು.

ಇಷ್ಟೆಲ್ಲ ಒಂದು ಲೋಟ ಚಹಾಕ್ಕಾಗಿಯೇ ಎಂದು ಕೇಳೀರಿ. ಅಲ್ಲ. ತಾಲ್ಲೂಕು ಮಟ್ಟದ ಶಾಲಾ ಆಟಗಳಿಗೆ ಹುಡುಗರನ್ನು ಆರಿಸುವಾಗಲೂ ನಾವು ಮಾಡುವ ತಪ್ಪು ಇದೇ. ಓಡಿ ಹೋಗಿ ಮೂವರನ್ನು ಮುಟ್ಟಿ ಬಂದವನ ಹೆಸರು ಕೂಡಲೆ ಪಟ್ಟಿಗೆ ಏರುತ್ತದೆ. ಮೂಲೆಯಲ್ಲಿ ನಿಂತು ರೈಡರ್ ತನ್ನ ಕಡೆಗೆ ಸುಳಿಯದಂತೆ ನೋಡಿಕೊಂಡ ಹುಡುಗನ ಕೆಲಸ ಯಾರ ಪುಸ್ತಕದಲ್ಲೂ ಇಲ್ಲ. ಎರಡು ವರ್ಷ ಹೆಸರು ಬಾರದಿದ್ದರೆ ಅವನು ಆಟ ಬಿಟ್ಟು ಹೊಲಕ್ಕೋ ಅಂಗಡಿಗೋ ಹೋಗುತ್ತಾನೆ, ಮಾಗುವ ಮೊದಲೇ. ಮುಂದಿನ ಸಲ ಮೈದಾನಕ್ಕೆ ಹೋದಾಗ ಹತ್ತು ನಿಮಿಷ ರೈಡರನ್ನು ಬಿಟ್ಟು ಆ ಮೂಲೆಯ ಹುಡುಗನ ಕಾಲುಗಳನ್ನೇ ನೋಡಿರಿ. ಎಷ್ಟು ಬಾರಿ ರೈಡರ್ ಅವನ ಬಳಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದ ಎಂದು ಒಂದು ಚೀಟಿಯಲ್ಲಿ ಗೆರೆ ಎಳೆದು, ಅದನ್ನು ಅವನ ಮೇಷ್ಟರ ಕೈಗೆ ಕೊಡಿ.